ಬೆಣ್ಣೆಹಣ್ಣಿನ ಬುಡದ ಹುಲ್ಲು

ಬಸ್ಸಿಳಿದು ನೇರ ತೋಟಕ್ಕೆ ಬಂದ ವರಲಕ್ಷ್ಮಮ್ಮ ಅಲ್ಲೇ ನಿಂತುಬಿಟ್ಟಳು. ಮನೆಗೆ ಹತ್ತಿರದ ಸಾಲಿನ ಬೆಣ್ಣೆಹಣ್ಣಿನ ಗಿಡಗಳು ಸತ್ತಿದ್ದವು. ಎಲೆಯ ಅಂಚೆಲ್ಲ ಬೆಂಕಿ ತಾಗಿದಂತೆ ಕಂದು. ವರ್ಷಗಟ್ಟಲೆ ಕಾದ ಮೇಲೆ ಬಿಟ್ಟ ಮೊದಲ ಈಚುಗಾಯಿಗಳು ನೆಲದ ತುಂಬ ಉದುರಿದ್ದವು.

ರಾಜಘಟ್ಟದ ಸುತ್ತಮುತ್ತ ಅವಳ ತೋಟವೆಂದರೆ ದೊಡ್ಡ ಹೆಸರು. ಗೊಬ್ಬರ ಕೊಟ್ಟಿಗೆಯದು, ನೀರು ಆಕಾಶದ್ದು. ಮಳೆಗಾಲದಲ್ಲಿ ಇಂಗುಗುಂಡಿ ತುಂಬಿದರೆ, ಬುಡಕ್ಕೆ ದಪ್ಪಗೆ ಹೊದಿಸಿದ ತರಗೆಲೆ ಆ ತೇವವನ್ನು ಬೇಸಿಗೆಯವರೆಗೂ ಕಾಯುತ್ತಿತ್ತು. ಸಂಕ್ರಾಂತಿ ಕಳೆದು ಮಗಳ ಬಾಣಂತನಕ್ಕೆಂದು ನೆಲಮಂಗಲಕ್ಕೆ ಹೊರಟಾಗ ಗಂಡ ಉಮಾಶಂಕರನಿಗೆ ಹೇಳಿದ್ದು ಇಷ್ಟೇ — "ಕಾವಲಿದ್ರೆ ಸಾಕು. ಇನ್ನೇನೂ ಮಾಡ್ಬೇಡಿ."

ಬೇಲಿಯಾಚೆ ಪಿಳ್ಳಪ್ಪನ ದ್ರಾಕ್ಷಿತೋಟ. ಬೇಲಿಯ ಬುಡದಲ್ಲಿ ಕಳೆನಾಶಕದ ಖಾಲಿ ಡಬ್ಬ. ಆ ಔಷಧಿ ಗಾಳಿಗೆ ತನ್ನ ಗಿಡದ ಮೇಲೆ ಬೀಳುತ್ತದೆಂದು ಹಿಂದೆಯೇ ಜಗಳವಾಗಿತ್ತು. ಅವಳಿಗೆ ಇನ್ನೇನು ಬೇಕು? ಊರ ನಡುವೆ ನಿಂತು ಅವನ ಹೆಸರು ಕೂಗಿದಳು. ದೂರೂ ಕೊಟ್ಟಳು. ಸಂಜೆಗೆ ಪೊಲೀಸರು ಬಂದು, ಅವನ ಮೊಮ್ಮಕ್ಕಳ ಎದುರಿಗೇ ಪಿಳ್ಳಪ್ಪನನ್ನು ಜೀಪು ಹತ್ತಿಸಿದರು.

ಮರುದಿನ ಬೆಳಗ್ಗೆ ಎಸ್‌ಐ ಶಶಿರೇಖಾ ತೋಟ ನೋಡಲು ಬಂದರು. ಸತ್ತ ಗಿಡವೊಂದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತವರು ಬಹಳ ಹೊತ್ತು ಏಳಲಿಲ್ಲ.

"ನೀವು ಊರಿಗೆ ಹೋದ್ಮೇಲೆ ಇಲ್ಲಿ ಮಳೆ ಬಂತಾ?"

"ಎಲ್ಲಿ ಬಂತು ಮೇಡಂ? ಒಂದು ಹನಿ ಇಲ್ಲ."

"ಕಳೆನಾಶಕ ಹೊಡೆದಿದ್ರೆ ಮೊದಲು ಸಾಯೋದು ಏನು?"

"ಹುಲ್ಲು —"

ವರಲಕ್ಷ್ಮಮ್ಮ ಸುತ್ತ ನೆಲ ನೋಡಿದಳು. ಸತ್ತ ಗಿಡಗಳ ಸುತ್ತ ಹುಲ್ಲು ನಳನಳಿಸುತ್ತಿತ್ತು. ಉಳಿದ ಸಾಲುಗಳಲ್ಲಿ ಅದೇ ಹುಲ್ಲು ಒಣಗಿ ಬಿಳುಚಿತ್ತು. ನಿನ್ನೆ ಸಿಟ್ಟಿನಲ್ಲಿ ಅವಳು ಎಲೆ ನೋಡಿದ್ದಳು, ಡಬ್ಬ ನೋಡಿದ್ದಳು, ನೆಲ ನೋಡಿರಲಿಲ್ಲ.

ಶಶಿರೇಖಾ ತರಗೆಲೆ ಸರಿಸಿದರು. ಮಣ್ಣಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ.

"ಇದೇನು?"

"ನಮ್ಮ ಬೋರ್‌ವೆಲ್ ನೀರಿನ ಉಪ್ಪು. ಮನೆ ಪಾತ್ರೇಲೂ ಹಿಂಗೇ ಕಟ್ಟುತ್ತೆ." ಅವಳ ದನಿ ಸಣ್ಣದಾಯಿತು. ಮಣ್ಣು ಕೆದಕಿ ಬೇರೊಂದನ್ನು ಎಳೆದಳು. ಕಪ್ಪಗೆ ಕೊಳೆತು ಕೈಯಲ್ಲೇ ಜಾರಿತು. ಬೆಣ್ಣೆಹಣ್ಣಿನ ಬೇರು ನಿಂತ ನೀರನ್ನು ತಾಳದು, ಉಪ್ಪು ನೀರನ್ನಂತೂ ತಾಳುವುದೇ ಇಲ್ಲ — ಬಂದವರಿಗೆಲ್ಲ ಅವಳೇ ಹೇಳುತ್ತಿದ್ದ ಮಾತು.

"ಇಲ್ಲಿ ಯಾರೂ ಗಿಡ ಕೊಲ್ಲೋಕೆ ಬಂದಿಲ್ಲಮ್ಮ. ಉಳಿಸೋಕೆ ನೋಡಿದ್ದಾರೆ. ನಿಮ್ಮ ಮನೆ ನಲ್ಲಿ ಪೈಪು ಎಲ್ಲೀತನಕ ಬರುತ್ತೆ?"

"ಈ ಸಾಲಿನ ತನಕ..."

"ನೀವಿಲ್ಲದಾಗ ಮನೇಲಿದ್ದೋರು ಒಬ್ಬರೇ. ಪೈಪು ಹಿಡಿದೋರೂ ಅವರೇ. ನಿಮ್ಮ ಯಜಮಾನ್ರು."

ಬಾಶೆಟ್ಟಿಹಳ್ಳಿಯ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದ ಉಮಾಶಂಕರ ಹೆಲ್ಮೆಟ್ ಹಿಡಿದು ಹಿಂದೆಯೇ ನಿಂತಿದ್ದ.

"ಎಲೆ ಬಾಡಿತ್ತು ಕಣೇ. ಹೋದ ಬೇಸಿಗೇಲಿ ಒಂದು ಗಿಡ ಒಣಗಿದ್ದಕ್ಕೇ ನೀನು ಊಟ ಬಿಟ್ಟಿದ್ದೆ. ಅದಕ್ಕೇ ದಿನಾ ನೀರು ಬಿಟ್ಟೆ. ಬಾಡಿದಷ್ಟೂ ಜಾಸ್ತಿ ಬಿಟ್ಟೆ."

"ನೀರು ಬಿಟ್ಟಿದ್ದಕ್ಕೆ ಕೇಸಿಲ್ಲ," ಶಶಿರೇಖಾ ಎದ್ದು ನಿಂತರು. "ನಿನ್ನೆ ಜೀಪು ಬಂದಾಗ ಎಲ್ಲಿದ್ರಿ?"

"ಇಲ್ಲೇ."

"ಗೊತ್ತಿದ್ದೂ?"

ಉಮಾಶಂಕರ ತಲೆ ತಗ್ಗಿಸಿದ. "ಗಿಡ ಸತ್ತ ಮೇಲೆ ಬೇರು ಕಿತ್ತು ನೋಡಿದ್ದೆ. ಗೊತ್ತಿತ್ತು."

ವರಲಕ್ಷ್ಮಮ್ಮ ಅವನ ಮುಖ ನೋಡಿದಳು. ಕೈಯ ಮಣ್ಣು ಒರೆಸಿಕೊಂಡು ಠಾಣೆಗೆ ಹೊರಟಳು.

ಠಾಣೆಯಲ್ಲಿ ದೂರು ಹಿಂತೆಗೆದು ಹೊರಬರುವಷ್ಟರಲ್ಲಿ ಪಿಳ್ಳಪ್ಪ ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ.

"ತಪ್ಪಾಯ್ತು ಪಿಳ್ಳಪ್ಪಣ್ಣ."

"ಗಿಡ ಆದ್ರೆ ಇನ್ನೊಂದು ನೆಡಬಹುದು ತಾಯಿ, ಮಾನ..." ಅಂದವನು ಮಾತು ಮುಗಿಸದೆ ರಸ್ತೆಗಿಳಿದ. ಬಸ್ಸಿಗೂ ಕಾಯಲಿಲ್ಲ.

ಉಮಾಶಂಕರ ಬೈಕು ತಂದು ಪಕ್ಕದಲ್ಲಿ ನಿಲ್ಲಿಸಿದ. ವರಲಕ್ಷ್ಮಮ್ಮ ಹತ್ತಲಿಲ್ಲ. ಸೆರಗು ಹೊದ್ದು, ಪಿಳ್ಳಪ್ಪನ ಹಿಂದೆ, ಒಂದಷ್ಟು ದೂರ ಬಿಟ್ಟು, ಊರಿನ ಕಡೆ ನಡೆಯತೊಡಗಿದಳು.