ನುಸಿ ತಿನ್ನದ ಗೌನ್

ನುಸಿಗುಳಿಗೆಯ ವಾಸನೆ ಕುಡಿದು ಸಾಯುವುದು ಹೇಗಿರುತ್ತದೆ ಗೊತ್ತಾ?

ನನಗೆ ಗೊತ್ತು. ಮುಕ್ಕಾಲು ಪಾಲು ಸತ್ತಿದ್ದೆ!

ಟ್ರಂಕಿನೊಳಗೆ ಮುದುರಿ ಬಿದ್ದಿದ್ದೆ. ಮಂಡಿ ಗದ್ದಕ್ಕೆ ತಾಗಿತ್ತು. ಬೆನ್ನಡಿಯಲ್ಲಿ ಯಾರ ತಾತನದೋ ಉಣ್ಣೆ ಕೋಟು. ತಲೆಯ ಮೇಲೆ ಮುಚ್ಚಳ. ಮುಚ್ಚಳದ ಮೇಲೆ ಬೀರು.

ಬಟ್ಟೆ ಇಡುವ ಬೀರು ಅಲ್ಲ ಸ್ವಾಮಿ. ಅಲ್ಲಿನ ಸೆಕ್ಯುರಿಟಿ. ಎತ್ತರ, ಅಗಲ, ತಲೆಯೊಳಗಿನ ಖಾಲಿ ಜಾಗ... ಎಲ್ಲದರಲ್ಲೂ ಬೀರುವೇ. ಹೆಸರು ನಾನೇ ಇಟ್ಟಿದ್ದು.

"ಏಯ್... ಉಸಿರಾಡೋಕೆ ಆಗ್ತಿಲ್ಲ ಕಣೋ!"

"ಹಂಗಾದ್ರೆ ಆಡ್ಬೇಡ," ಅಂದ ಮೇಲಿನಿಂದ.

ಕೈಗಡಿಯಾರದ ಮುಳ್ಳು ಕತ್ತಲಲ್ಲಿ ಹೊಳೆಯುತ್ತಿತ್ತು. ಮೂರೂ ಇಪ್ಪತ್ತೈದು. ನಾಲ್ಕಕ್ಕೆ ಪೊಲೀಸರು ಬಂದು ನನ್ನ ಅಕ್ಕನನ್ನು ಎಳೆದುಕೊಂಡು ಹೋಗುತ್ತಾರೆ.

ಮಾಡದ ಕಳ್ಳತನಕ್ಕೆ!

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಕೇಳಿ.

ನನ್ನ ಕಸುಬು ಕಾಣೆಯಾದದ್ದನ್ನು ಹುಡುಕುವುದು. ಕಾರು, ಕಾಗದಪತ್ರ, ಹೆಂಡತಿಗೆ ಹೇಳದೆ ಹೋದ ಗಂಡ... ಯಾವುದಾದರೂ ಸರಿ. ಮಧ್ಯಾಹ್ನ ಎರಡಕ್ಕೆ ಅಕ್ಕನ ಫೋನ್ ಬಂತು.

"ತಮ್ಮಾ, ಊಟ ಆಯ್ತಾ?"

"ಆಯ್ತು. ಏನಕ್ಕಾ?"

"ಏನಿಲ್ಲ... ನನ್ನನ್ನ ಕಳ್ಳಿ ಅಂತ ರೂಮಲ್ಲಿ ಕೂಡಿಹಾಕಿದಾರೆ. ಬಿಡುವಾದ್ರೆ ಬರ್ತೀಯಾ?"

ನನ್ನ ಅಕ್ಕ ಅಂದರೆ ಅಷ್ಟೇ! ಮನೆಗೆ ಬೆಂಕಿ ಬಿದ್ದರೂ ಮೊದಲು ಊಟ ಕೇಳುತ್ತಾಳೆ.

ಅಮ್ಮ ಹೋದಾಗ ನನಗೆ ಏಳು, ಅವಳಿಗೆ ಹದಿನೇಳು. ಅವತ್ತು ಹಿಡಿದ ಸೂಜಿಯನ್ನು ಇನ್ನೂ ಕೆಳಗಿಟ್ಟಿಲ್ಲ. ಹರಿದ ಬಟ್ಟೆಯ ಎಳೆ ಎಳೆ ಹುಡುಕಿ, ಹರಿದಿತ್ತು ಅನ್ನುವುದೇ ಗೊತ್ತಾಗದ ಹಾಗೆ ಕೂಡಿಸುತ್ತಾಳೆ. ನನ್ನ ಸ್ಕೂಲ್ ಫೀಸು, ಕಾಲೇಜು ಫೀಸು, ನಾನು ಮುರಿದುಕೊಂಡ ಕೈಯ ಆಸ್ಪತ್ರೆ ಬಿಲ್ಲು... ಎಲ್ಲ ಆ ಸೂಜಿಯ ತುದಿಯಲ್ಲೇ ಬಂದದ್ದು. ಮೂರು ತಿಂಗಳ ಹಿಂದೆ ಈ ಹಾಳು ಜಾಗದಲ್ಲಿ ಕೆಲಸಕ್ಕೆ ಸೇರಿದ್ದಳು.

ಹಳೆಯ ಬನಿಯನ್ ಮಿಲ್ಲು ಅದು. ಈಗ 'ವಿಂಟೇಜ್ ಹೌಸ್'! ಕೆಳಗೆ ಅಂಗಡಿ. ನಡುವಿನ ಮಹಡಿಯಲ್ಲಿ ಪ್ರದರ್ಶನ. ಮೇಲೆ ಫ್ಯಾಷನ್ ಷೋ. ಮಿಲ್ಲಿನ ಕೆಲಸಗಾರರು ಹಾಕಿ ಬಿಸಾಡಿದ ಪ್ಯಾಂಟನ್ನೇ ಇಲ್ಲಿ ಇಸ್ತ್ರಿ ಮಾಡಿ ನೇತುಹಾಕಿದ್ದರು. ಅದರ ಮುಂದೆ ನಿಂತು ಒಬ್ಬಳು ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಎಷ್ಟು ಆಥೆಂಟಿಕ್ ಅಲ್ವಾ!"

ನಮ್ಮ ಮನೆಯಲ್ಲಿ ಅದನ್ನು ನೆಲ ಒರೆಸುವ ಬಟ್ಟೆ ಅನ್ನುತ್ತಿದ್ದೆವು.

ಬಾಗಿಲಲ್ಲೇ ಆಳೆತ್ತರದ ಪೋಸ್ಟರ್. ನೀಲಿ ಹತ್ತಿಬಟ್ಟೆ, ಅದರಲ್ಲಿ ಮೂರು ತೂತು. ತ್ರಿಕೋನದ ಹಾಗೆ. ಕೆಳಗೆ ಬರಹ: 'ಕಾಲವೇ ಕಚ್ಚಿದ ಗುರುತು. ಎಪ್ಪತ್ತು ವರ್ಷ ಹಳೆಯ ಗೌನ್. ಕಳೆದ ವರ್ಷ ನೋಡಿದಿರಿ, ಈ ವರ್ಷ ಮತ್ತೆ!'

ತೂತಿಗೂ ಫೋಟೋ ತೆಗೆಸುವ ಕಾಲ ಬಂತಲ್ಲ...

ಆ ಗೌನೇ ಕಾಣೆಯಾಗಿತ್ತು. ಗಾಜಿನ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಕೀ ಇದ್ದದ್ದು ಇಬ್ಬರ ಹತ್ತಿರ. ಒಂದು ಅಕ್ಕನ ಹತ್ತಿರ, ಇನ್ನೊಂದು ಮಾಲೀಕನ ಹತ್ತಿರ. ಮಾಲೀಕ ಕಿರುಚಿದ, ಹಾಗಾಗಿ ಅಕ್ಕ ಕಳ್ಳಿ. ಲೋಕದ ನ್ಯಾಯ ಎಷ್ಟು ಸಲೀಸು ನೋಡಿ!

ಹೊಲಿಗೆ ರೂಮಿನ ಕಿಟಕಿಯ ಸರಳಿನಾಚೆ ಅಕ್ಕ ಕೂತಿದ್ದಳು. ಮಡಿಲಲ್ಲಿ ಯಾರದೋ ಕಾಲುಚೀಲ. ಕೂಡಿಹಾಕಿದರೂ ಕೆಲಸ ನಿಲ್ಲಿಸಿರಲಿಲ್ಲ.

"ಒಪ್ಕೊಂಡು ಸಹಿ ಹಾಕು, ಪೊಲೀಸಿಗೆ ಮೆತ್ತಗೆ ಹೇಳ್ತೀನಿ ಅಂತಾನೆ," ಅಂದಳು. "ನಾನು ಹಾಕಲ್ಲ."

"ಇತ್ತೀಚೆಗೆ ಅವನ ಜೊತೆ ಜಗಳ ಏನಾದ್ರೂ?"

"ಜಗಳ ಏನೂ ಇಲ್ಲಪ್ಪ. ನಿನ್ನೆ ಆ ತೂತು ಮುಚ್ಚಿಕೊಡ್ಲಾ ಸಾರ್ ಅಂದೆ. ಬೇಡ, ನುಸಿ ತಿಂದಿದ್ದು, ಅದೇ ಅದರ ಚೆಂದ ಅಂದ. ನುಸಿ ಹತ್ತಿಬಟ್ಟೆ ತಿನ್ನಲ್ವಲ್ಲ ಸಾರ್, ಉಣ್ಣೆ ರೇಷ್ಮೆ ಆದ್ರೆ ತಿನ್ನುತ್ತೆ ಅಂದೆ. ಹೊರಟೇ ಹೋದ."

"ಅಷ್ಟೇನಾ?"

"ಅಷ್ಟೇ. ಇವತ್ತು ಬೆಳಿಗ್ಗೆ ನೋಡಿದ್ರೆ ಗೌನ್ ಇಲ್ಲ."

ನನ್ನ ಅಕ್ಕ ಅವನ ಕೊರಳಿಗೆ ಹಗ್ಗ ಹಾಕಿದ್ದಳು. ಅವಳಿಗೇ ಗೊತ್ತಿರಲಿಲ್ಲ!

ಮಾಲೀಕನಿಗೆ ನಾನಿಟ್ಟ ಹೆಸರು ವೆಲ್ವೆಟ್. ಸುಡುಬಿಸಿಲಲ್ಲೂ ಕಡುಗೆಂಪು ವೆಲ್ವೆಟ್ ಕೋಟು. ಕುತ್ತಿಗೆಯಿಂದ ಬೆವರು ಧಾರಾಕಾರ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಸಿಕ್ಕಿದ. ನಾನು ಒಂದೇ ಪ್ರಶ್ನೆ ಕೇಳಿದೆ.

"ಸಾರ್, ನುಸಿ ಹತ್ತಿ ತಿನ್ನುತ್ತಾ?"

ಮುಖ ಹುಳ್ಳಗಾಯಿತು. ಬೀರುವಿನ ಕಡೆ ನೋಡಿದ.

ತುಟಿಗೊಂದು ಗುದ್ದು. ಆಮೇಲೆ ಟ್ರಂಕು.

ಈಗ ಮತ್ತೆ ಒಳಗೆ ಬನ್ನಿ. ಜಾಗ ಇಕ್ಕಟ್ಟು, ಅಡ್ಜಸ್ಟ್ ಮಾಡಿಕೊಳ್ಳಿ...

ಹೊರಗೆ ವೆಲ್ವೆಟ್ಟಿನ ದನಿ ಕೇಳಿಸಿತು. ಪೆಟ್ಟಿಗೆಯಲ್ಲಿ ಇರುವವನಿಗೂ ಕಿವಿ ಇರುತ್ತದೆ ಅನ್ನುವುದು ಅವನಿಗೆ ಹೊಳೆಯಲಿಲ್ಲ. ಸಾಮಾನಿನ ಹಾಗೆ ಕಂಡೆನೇನೋ.

"ಹಳೇ ಬಟ್ಟೆ ತಜ್ಞೆ ಮೇಡಂ ನಾಲ್ಕಕ್ಕೆ ಬರ್ತಾರೆ. ಗೌನ್ ಪರೀಕ್ಷೆ ಮಾಡ್ತೀನಿ ಅಂದವ್ರೆ. ಕಳುವಾಯ್ತು ಅಂತ ಪೊಲೀಸ್ ಮುಂದೆ ಅಳ್ತೀನಿ. ಮೇಡಂ ವಾಪಸ್ ಹೋಗ್ತಾರೆ. ಒಂದು ವಾರ ಬಿಟ್ಟು ಗೌನ್ ಸಿಗುತ್ತೆ. ಪೇಪರಲ್ಲಿ ಬರುತ್ತೆ!"

"ಎಲ್ಲಿಟ್ಟಿದೀರ ಸಾರ್?"

"ಅಂಗಡೀಲೇ ಕಣೋ. ಕೊನೇ ರ‍್ಯಾಕ್. ನೂರು ಗೌನಿನ ಮಧ್ಯೆ. 'ಮಾರಾಟಕ್ಕಿಲ್ಲ' ಅಂತ ಚೀಟಿ ಬರೆದು ಪಿನ್ ಮಾಡಿದೀನಿ. ಇವನನ್ನ ಐದು ಗಂಟೆವರೆಗೂ ಬಿಡ್ಬೇಡ."

ಬೂಟಿನ ಸದ್ದು ದೂರವಾಯಿತು.

ಐದರವರೆಗೆ ನಾನು ಬದುಕಿರುವುದಿಲ್ಲ! ಮುಚ್ಚಳಕ್ಕೆ ಕಾಲಿಂದ ಒದ್ದೆ. ಅಲ್ಲಾಡಲಿಲ್ಲ. ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು...

ಆಗ ಹೊಸ ದನಿಗಳು.

"ರೀ, ಹಿಂದುಗಡೆ ಇಡೋದೇ ಒಳ್ಳೇ ಪೀಸು ಅಂತ ಹೇಳಲಿಲ್ವಾ? ಆ ಟ್ರಂಕ್ ನೋಡ್ರಿ!"

"ಮೇಡಂ, ಇಲ್ಲಿಗೆಲ್ಲ ಬರಂಗಿಲ್ಲ," ಅಂದ ಬೀರು.

"ಯಾಕ್ ಬರಬಾರದು? ಸ್ವಲ್ಪ ಎದ್ದೇಳಪ್ಪ. ಒಳಗಡೆ ಲೈನಿಂಗ್ ಒರಿಜಿನಲ್ಲಾ ನೋಡ್ಬೇಕು."

"ಆಗಲ್ಲ ಮೇಡಂ."

"ಗಿರಾಕಿ ಹತ್ರ ಹಿಂಗಾ ಮಾತಾಡೋದು? ರೀ, ನೀವೇನ್ ಬಾಯಲ್ಲಿ ಕಡುಬು ಇಟ್ಕೊಂಡಿದೀರಾ? ಮ್ಯಾನೇಜರ್ ಕರೀರಿ!"

ಬೀರು ಎದ್ದ. ಮ್ಯಾನೇಜರ್ ಅನ್ನುವ ಶಬ್ದಕ್ಕೆ ಎಂಥ ಬೀರುವೂ ಜಾಗ ಬಿಡುತ್ತದೆ!

ಮುಚ್ಚಳ ತೆರೆಯಿತು. ನಾನು ಮೇಲೆದ್ದೆ. ಟ್ರಂಕಿನ ಚಿಲಕಕ್ಕೆ ತೋಳು ಸಿಕ್ಕಿ ಅಂಗಿ ಭುಜದಿಂದ ಮೊಣಕೈವರೆಗೆ ಪರ್ರ್ ಅಂತ ಹರಿಯಿತು. ಕಾಲರಿಗೆ ಎಪ್ಪತ್ತು ವರ್ಷದ ಧೂಳು. ತುಟಿಯಿಂದ ಒಂದೆರಡು ಹನಿ ರಕ್ತ ಜೇಬಿನ ಮೇಲೆ.

ಗಂಡ ಹೆಂಡತಿ ಇಬ್ಬರೂ ನೋಡಿದರು. ಕಿರುಚಲಿಲ್ಲ.

"ಇದೂ ಎಕ್ಸಿಬಿಷನ್ನಲ್ಲೇ ಸೇರಿರೋದಾ?" ಅಂದಳು ಹೆಂಡತಿ.

"ಇಲ್ಲ ತಾಯಿ, ನಾನು ಬೇರೆ ಸೆಟ್ಟು!"

ಕಾಲಿಗೆ ಬುದ್ಧಿ ಹೇಳಿದೆ. ಹಿಂದೆ ಬೀರು!

ಅಂಗಡಿ ತುಂಬ ಜನ. ಹಳೇ ಬೆಲ್ಟಿಗೆ, ಕಿತ್ತುಹೋದ ಚೀಲಕ್ಕೆ ಕೈ ಕೈ ಮಿಲಾಯಿಸುತ್ತಿದ್ದರು. ಅವರ ಕಂಕುಳಡಿ ನುಗ್ಗಿ ಕೊನೆಯ ರ‍್ಯಾಕು ಮುಟ್ಟಿದೆ. ಹಳದಿ, ಹಸಿರು, ಬಿಳಿ... ನಡುವೆ ಒಂದು ಖಾಲಿ ಹ್ಯಾಂಗರ್!

ಸೇಲ್ಸಿನವಳನ್ನು ಹಿಡಿದೆ.

"ಇಲ್ಲಿದ್ದ ನೀಲಿ ಗೌನ್ ಎಲ್ಲಮ್ಮಾ?"

"ಈಗ ತಾನೇ ಹೋಯ್ತಲ್ಲ ಸಾರ್."

"ಮಾರಾಟಕ್ಕಿಲ್ಲ ಅಂತ ಚೀಟಿ ಇತ್ತಲ್ವಾ!"

"ಅದಕ್ಕೇ ಹೋಗಿದ್ದು ಸಾರ್. ಬೆಳಿಗ್ಗೆಯಿಂದ ಹತ್ತು ಜನ ಅದನ್ನೇ ಕೇಳಿದ್ರು. ಹಸಿರು ಟೋಪಿ ಹಾಕ್ಕೊಂಡಿದ್ದ ಹುಡುಗಿ ಬಿಡಲೇ ಇಲ್ಲ. ಮೇಲೆ ಷೋ ಇದೆಯಲ್ಲ, ಕೊಂಡವರೇ ತೊಟ್ಕೊಂಡು ನಡೆಯೋದು... ಅಲ್ಲಿಗೆ ಹೋದಳು."

ಮೂರೂ ಐವತ್ತು.

ಮೆಟ್ಟಿಲು ಹಾರಿದೆ. ನಡುವಿನ ಮಹಡಿಯಲ್ಲಿ ಎದುರಿನಿಂದ ಇನ್ನಿಬ್ಬರು ಸೆಕ್ಯುರಿಟಿ! ಹಿಂದೆ ಬೀರು. ಪಕ್ಕದಲ್ಲಿ ಸಾಲಾಗಿ ಸೂಟು ತೊಟ್ಟ ಬೊಂಬೆಗಳು. ಒಂದರ ಟೋಪಿ ಕಿತ್ತು ತಲೆಗಿಟ್ಟು, ಕೈ ಸೊಂಟಕ್ಕೆ ಕೊಟ್ಟು ನಿಂತುಬಿಟ್ಟೆ. ಮೂವರೂ ಮುಂದೆ ಓಡಿದರು.

ಉಸಿರು ಬಿಡಬೇಕು, ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ಕನ್ನಡಕ ಸರಿಮಾಡಿಕೊಂಡರು. ನನ್ನ ಹೊಟ್ಟೆಗೆ ಬೆರಳಿಂದ ತಿವಿದರು.

"ಈ ಬೊಂಬೆ ಬೆವರ್ತಾ ಇದೆ!"

"ಅಜ್ಜೀ, ನಿಮ್ಮ ದಮ್ಮಯ್ಯ..."

"ಮಾತೂ ಆಡುತ್ತೆ!" ಅಜ್ಜಿ ಚಪ್ಪಾಳೆ ತಟ್ಟಿದರು.

ಬೀರು ತಿರುಗಿದ. ನಾನು ಟೋಪಿ ಅವನ ಮುಖಕ್ಕೆಸೆದು ಮೇಲಕ್ಕೆ ಓಡಿದೆ.

ಮೇಲಿನ ಮಹಡಿ. ಬೆಳಕು, ಡ್ರಮ್ಮು, ಉದ್ದದ ವೇದಿಕೆ. ಹಿಂದಿನ ಗೋಡೆ ತುಂಬ ಅದೇ ಪೋಸ್ಟರ್, ಬಾಗಿಲಿನದಕ್ಕಿಂತ ನಾಲ್ಕು ಪಟ್ಟು. ಮುಂದಿನ ಸಾಲಿನಲ್ಲಿ ಒಬ್ಬರು ಬಡಕಲು ಹೆಂಗಸು. ಬಿಳಿ ಕೂದಲು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಅವರೇ ತಜ್ಞೆ. ಪಕ್ಕದಲ್ಲಿ ಇನ್‌ಸ್ಪೆಕ್ಟರ್. ಅವರ ಮುಂದೆ ವೆಲ್ವೆಟ್, ಕೈಯಲ್ಲಿ ಕರ್ಚೀಫು. ಅಳುವುದನ್ನು ಆಗಲೇ ಶುರು ಮಾಡಿದ್ದ!

"ನನ್ನ ಮಗುವಿನ ಹಾಗೆ ನೋಡ್ಕೊಂಡಿದ್ದೆ ಮೇಡಂ... ಆ ಹೊಲಿಗೆಯವಳು..."

ಅಷ್ಟರಲ್ಲಿ ವೇದಿಕೆಯ ಮೇಲೆ ಹಸಿರು ಟೋಪಿ ಬಂತು. ಟೋಪಿಯ ಕೆಳಗೆ ನೀಲಿ ಗೌನ್. ಸೊಂಟದ ಹತ್ತಿರ ಮೂರು ತೂತು!

ವೆಲ್ವೆಟ್ ಕರ್ಚೀಫಿನಿಂದ ಮುಖ ಮುಚ್ಚಿಕೊಂಡ.

ನಾನು ವೇದಿಕೆಗೆ ಹಾರಿದೆ. ಬೀರುವೂ ಹಾರಿದ. ನುಣ್ಣನೆಯ ನೆಲ, ದಪ್ಪ ದೇಹ... ಜಾರಿ ಅಂಗಾತ ಬಿದ್ದ. ಸಭೆ ಶಿಳ್ಳೆ ಹೊಡೆಯಿತು. ಷೋ ಚೆನ್ನಾಗಿದೆ ಅಂದುಕೊಂಡಿರಬೇಕು. ಇವರ ಕಣ್ಣೆದುರೇ ಕೊಲೆಯಾದರೂ ಹೆಣದ ಮೈಮೇಲಿನ ಕೋಟು ಯಾವ ಕಾಲದ್ದು ಅಂತ ಕೇಳುವ ಜನ!

"ತಂಗೀ, ಇದನ್ನ ಎಲ್ಲಿಂದ ತಗೊಂಡೆ?"

"ಕೆಳಗೆ ಅಂಗಡೀಲಿ. ಯಾಕಣ್ಣಾ? ಪೋಸ್ಟರಿನ ಗೌನ್ ಥರಾನೇ ಇತ್ತು. ಕಾಪಿ ಅಂದ್ಕೊಂಡು ತಗೊಂಡೆ."

ಆ ಕಟ್ಟಡದಲ್ಲಿ ಸರಿಯಾಗಿ ಊಹಿಸಿದವಳು ಅವಳೊಬ್ಬಳೇ.

"ಮೇಡಂ!" ಕೂಗಿದೆ. "ನುಸಿ ಹತ್ತಿಬಟ್ಟೆ ತಿನ್ನುತ್ತಾ?"

ತಜ್ಞೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ತಿನ್ನಲ್ಲ. ಯಾಕೆ?"

"ಹಾಗಾದ್ರೆ ಇದನ್ನ ಯಾರು ತಿಂದ್ರು, ನೋಡಿ ಹೇಳಿ."

ಅವರು ಮೇಲೆ ಬಂದರು. ಭೂತಗನ್ನಡಿ ಹಿಡಿದರು. ಡ್ರಮ್ಮು ನಿಂತಿತು. ಒಂದು ತೂತು... ಎರಡು... ಮೂರು. ಆಮೇಲೆ ಕಾಲರ್ ಮೂಸಿದರು.

"ಅಂಚು ಸುಟ್ಟಿದೆ. ಸಿಗರೇಟು. ಬಣ್ಣ ಹಳೇದು ಕಾಣ್ಲಿ ಅಂತ ಟೀ ಡಿಕಾಕ್ಷನ್ನಲ್ಲಿ ನೆನೆಸಿದಾರೆ. ದಾರ ಪಾಲಿಯೆಸ್ಟರ್. ಇದಕ್ಕೆ ಎಪ್ಪತ್ತು ವರ್ಷ ಅಲ್ಲ, ಏಳೂ ಆಗಿರಲ್ಲ."

ಗುಸುಗುಸು ಎದ್ದಿತು. ವೆಲ್ವೆಟ್ ನನಗಿಂತ ಜೋರಾಗಿ ಕೂಗಿದ.

"ನೋಡಿದ್ರಾ ಇನ್‌ಸ್ಪೆಕ್ಟರ್! ಅಸಲಿ ಗೌನ್ ಕದ್ದು ಡೂಪ್ಲಿಕೇಟ್ ಹೊಲಿದು ಇಟ್ಟಿದಾಳೆ ಆ ಕಳ್ಳಿ! ಅವಳ ಕೈ ಬಿಟ್ರೆ ಇಷ್ಟು ಚೆನ್ನಾಗಿ ಯಾರು ಹೊಲೀತಾರೆ?"

ಅಕ್ಕನಿಗೆ ಒಂದು ಕಳ್ಳತನ ಸಾಲದು ಅಂತ ಇನ್ನೊಂದನ್ನು ನಾನೇ ತಂದು ಹೊರಿಸಿದ್ದೆ! ಇನ್‌ಸ್ಪೆಕ್ಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಎಲ್ಲಿ ನೋಡಲಿ? ವೆಲ್ವೆಟ್ಟನ್ನು ನೋಡಿದೆ. ಗೌನ್ ನೋಡಿದೆ. ಅವನ ತಲೆಯ ಮೇಲಿದ್ದ ಗೋಡೆ ನೋಡಿದೆ...

ನಗು ಬಂತು.

"ಸಾರ್, ಆ ಪೋಸ್ಟರಿನ ಫೋಟೋ ಯಾವಾಗ ತೆಗೆದಿದ್ದು?"

"ಹೋದ ವರ್ಷ. ಅದು ಅಸಲಿ!"

"ನಮ್ಮ ಅಕ್ಕ ಕೆಲಸಕ್ಕೆ ಸೇರಿ ಮೂರು ತಿಂಗಳು. ಮೇಡಂ, ಪೋಸ್ಟರಲ್ಲಿರೋ ತೂತು, ಇದರಲ್ಲಿರೋ ತೂತು... ಸ್ವಲ್ಪ ಹೊಂದಿಸಿ ನೋಡಿ."

ತಜ್ಞೆ ಹುಡುಗಿಯನ್ನು ಗೋಡೆಯ ಪಕ್ಕ ನಿಲ್ಲಿಸಿದರು. ಅದೇ ತ್ರಿಕೋನ. ನಡುವಿನ ತೂತಿನ ಎಡಕ್ಕೆ ಕಿತ್ತ ಅದೇ ಎರಡು ಎಳೆ. ಸುಟ್ಟ ಕಂದು ಅಂಚು ಪೋಸ್ಟರಿನಲ್ಲಿ ಅಂಗೈ ಅಗಲ ಕಾಣುತ್ತಿತ್ತು. ಒಂದು ವರ್ಷದಿಂದ ಊರೆಲ್ಲ ಅದನ್ನು ನೋಡಿ 'ಅಬ್ಬಾ' ಅಂದಿತ್ತು!

"ಎರಡೂ ಒಂದೇ ಗೌನ್," ಅಂದರು ತಜ್ಞೆ.

ಕೊರಳಿನ ಹಿಂದೆ ಪಿನ್ನು ಹಾಕಿದ್ದ ಚೀಟಿಯನ್ನು ಹುಡುಗಿ ಕಿತ್ತು ಕೊಟ್ಟಳು. ಮಾರಾಟಕ್ಕಿಲ್ಲ. ಇನ್‌ಸ್ಪೆಕ್ಟರ್ ಅದನ್ನು ತಮ್ಮ ಕೈಯಲ್ಲಿದ್ದ ವೆಲ್ವೆಟ್ಟಿನ ದೂರಿನ ಪಕ್ಕ ಹಿಡಿದರು. ಎರಡರಲ್ಲೂ ಅದೇ ಸೊಟ್ಟ ಅಕ್ಷರ.

"ಕಳುವಾದ ಗೌನಿಗೆ ನೀವೇ ಚೀಟಿ ಬರೆದು ಇಟ್ರಾ ಸಾರ್?"

ವೆಲ್ವೆಟ್ ಬಾಗಿಲ ಕಡೆ ಜಿಗಿದ. ಬಾಗಿಲಲ್ಲಿ ಕುಂಟುತ್ತಾ ನಿಂತಿದ್ದ ಬೀರು ದಾರಿ ಬಿಡಲಿಲ್ಲ.

"ನಂಗೂ ಅಸಲಿ ಅಂತಾನೇ ಹೇಳಿದ್ರಿ ಸಾರ್," ಅಂದ. ಮುಖ ಸಣ್ಣ ಮಾಡಿಕೊಂಡಿದ್ದ. "ನಮ್ಮವ್ವನ್ನ ಕರ್ಕೊಂಡು ಬಂದು ತೋರ್ಸಿದ್ದೆ."

ಆಮೇಲೆ ನನ್ನ ಕಡೆ ತಿರುಗಿ ಹೊಲಿಗೆ ರೂಮಿನ ಕೀ ಚಾಚಿದ.

ಬೀಗ ತೆಗೆದಾಗ ಅಕ್ಕ ಕಾಲುಚೀಲ ಮುಗಿಸಿ ದಾರ ಕಚ್ಚುತ್ತಿದ್ದಳು. ನನ್ನನ್ನು ನೋಡಿದಳು. ಬಿಡುಗಡೆಯಾಯಿತಾ ಅಂತ ಕೇಳಲಿಲ್ಲ. ಯಾರು ಕದ್ದರು ಅಂತಲೂ ಕೇಳಲಿಲ್ಲ.

"ಅಯ್ಯೋ, ಹೊಸ ಅಂಗಿ ಕಣೋ ಅದು! ಮನೆಗೆ ನಡಿ, ಹೊಲಿದುಕೊಡ್ತೀನಿ."

ಹರಿದ ತೋಳಿನ ಅಂಚು ಎರಡೂ ಕೂಡಿಸಿ ನೋಡಿದಳು. ಇಬ್ಬರೂ ಮೆಟ್ಟಿಲಿಳಿದೆವು.

ಕೆಳಗೆ ವ್ಯಾಪಾರ ನಡೆದೇ ಇತ್ತು. ಮೇಲೆ ಮಾಲೀಕನಿಗೆ ಬೇಡಿ, ಇಲ್ಲಿ ಬೆಲ್ಟಿಗೆ ಕಿತ್ತಾಟ! ಬಾಗಿಲು ದಾಟಬೇಕು ಅನ್ನುವಷ್ಟರಲ್ಲಿ ಯಾರೋ ನನ್ನ ಹರಿದ ತೋಳು ಜಗ್ಗಿದರು. ಬಣ್ಣದ ಕನ್ನಡಕದ ಯುವಕ. ಧೂಳು, ರಕ್ತ, ಹರಿದ ಅಂಚು... ಒಂದೊಂದನ್ನೂ ಭಕ್ತಿಯಿಂದ ಸವರಿದ.

"ಸಾರ್, ದಯವಿಟ್ಟು ಇದನ್ನ ಹೊಲಿಸ್ಬೇಡಿ! ಎಂಥ ಪೀಸು! ಯಾವ ಕಾಲದ್ದು ಸಾರ್ ಇದು?"

"ಇವತ್ತು ಮಧ್ಯಾಹ್ನದ್ದು," ಅಂದೆ.