ಆಷಾಢದಲ್ಲಿ ಕೊಂಡ ಕಾರು

"ಆ ಕಾರು ಬೇಡ ಕಣ್ರೀ."

ಅನು ತಿರುಗಿ ನೋಡಿದಳು. ಹಿಂದೆ ಒಬ್ಬ ಯುವಕ ನಿಂತಿದ್ದ. ಕೊರಳಲ್ಲಿ ಐಡಿ ಕಾರ್ಡು, ಮೊಣಕಾಲಿಗೆ ಧೂಳು, ತುಟಿಯಂಚಿನಲ್ಲಿ ಒಂದು ನಗು. ನಗು ಚೆನ್ನಾಗಿತ್ತು, ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಸುಂಕದಕಟ್ಟೆಯಲ್ಲಿ ಹಳೇ ಕಾರು ಮಾರುವ ಆ ಅಂಗಳಕ್ಕೆ ಕಾಲಿಟ್ಟಾಗಲೇ ಅವಳ ಮನಸ್ಸು ಈ ಕೆಂಪು ಕಾರಿಗೆ ಮಾರುಹೋಗಿತ್ತು.

"ಯಾಕೆ, ನಿಮಗೆ ಬೇಕಿತ್ತಾ? ಇಲ್ಲಾಂದ್ರೆ ಬೇರೆ ಗಾಡಿ ತೋರಿಸಿದ್ರೆ ಕಮಿಷನ್ ಬರತ್ತಾ?"

"ಎರಡೂ ಇಲ್ಲ. ನಾನು ಬಸವಕಿರಣ್, ಇನ್ಶೂರೆನ್ಸ್ ಕಂಪನಿಯಿಂದ ಆ ಕಡೆ ಗಾಡಿ ಚೆಕ್ ಮಾಡಕ್ಕೆ ಬಂದೆ. ಇದಕ್ಕೆ ಹೊರಗಡೆ ಗ್ಯಾಸ್ ಕಿಟ್ ಹಾಕ್ಸಿದಾರೆ, ಆರ್‌ಸಿಲಿ ಬರೀ ಪೆಟ್ರೋಲ್ ಅಂತಿದೆ. ನಾಳೆ ಏನಾದ್ರೂ ಆದ್ರೆ ಕಂಪನಿ ಕೈ ಎತ್ತಿಬಿಡತ್ತೆ."

ಕಂಡವರ ಮಾತು ಕೇಳಿ ಒಪ್ಪುವ ಹುಡುಗಿಯಲ್ಲ ಅನು. ತಾನೇ ಬಗ್ಗಿ ಕಾರಿನ ಬಾಗಿಲನ್ನು ಒಂದು ಕಣ್ಣು ಮುಚ್ಚಿ ನೋಡಿದಳು.

"ಈ ಬಾಗಿಲಿಗೆ ಟಚಪ್ ಆಗಿದೆ. ಮುಖಕ್ಕೊಂದು ಶೇಡು, ಕತ್ತಿಗೊಂದು ಶೇಡು."

ಅವನು ಪಕ್ಕದಲ್ಲೇ ಬಗ್ಗಿದ. "ಹೌದಲ್ವಾ! ನಂಗೇ ಕಾಣಿಸಿರ್ಲಿಲ್ಲ."

"ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡೋದೇ ನನ್ನ ಕೆಲಸ ಸಾರ್."

ಆ ಕೆಲಸಕ್ಕಾಗಿಯೇ ಅವಳಿಗೆ ಕಾರು ಬೇಕಿತ್ತು. ಕಳೆದ ತಿಂಗಳು ಬೆಳಗಿನ ಜಾವ ಒಂದರ ಹಿಂದೊಂದು ಕ್ಯಾಬ್ ಕ್ಯಾನ್ಸಲ್ ಆಗಿ, ವಿಜಯನಗರದ ಛತ್ರದಲ್ಲಿ ಮದುಮಗಳು ಬೋಳು ಮುಖದಲ್ಲೇ ಅಳುತ್ತಾ ಕೂತಿದ್ದಳು. ಶ್ರಾವಣದ ಮೊದಲ ಮದುವೆಗೆ ನನ್ನದೇ ಗಾಡಿಯಲ್ಲಿ ಹೋಗುತ್ತೇನೆಂದು ಅನು ಅಂದೇ ನಿಶ್ಚಯಿಸಿದ್ದಳು. "ಆಷಾಢದಲ್ಲಿ ಗಾಡಿ ತಗೊಳ್ಳೋ ಪದ್ಧತಿ ನಮ್ಮನೇಲಿಲ್ಲ. ಶ್ರಾವಣ ಬರ್ಲಿ, ನಾನೇ ದೊಡ್ಡ ಗಾಡಿ ಕೊಡಿಸ್ತೀನಿ" ಎಂದರು ಅಪ್ಪ ರಾಮಯ್ಯ. ಅವಳಿಗೆ ದೊಡ್ಡದು ಬೇಡ, ತನ್ನದು ಬೇಕಿತ್ತು. ಆಷಾಢದಲ್ಲಿ ಕೊಳ್ಳುವವರಿಲ್ಲದೆ ಬೆಲೆ ಇಳಿದಿತ್ತು, ಮದುವೆಗಳಿಲ್ಲದೆ ಅವಳ ಕೈಯೂ ಬಿಡುವಾಗಿತ್ತು. ಊರಿಗೆಲ್ಲ ಕೆಟ್ಟ ಕಾಲವೇ ಅವಳಿಗೆ ಒದಗಿಬಂದ ಕಾಲ.

ಮೂಲೆಯಲ್ಲಿ ಬೂದಿ ಬಣ್ಣದ ಪುಟ್ಟ ಕಾರೊಂದಿತ್ತು. "ಇದು ಹೇಗೆ?"

ಕಿರಣ್ ಅದನ್ನು ಸುತ್ತುಹಾಕಿ ನೋಡಿದ. "ಚಿಕ್ಕ ಇಂಜಿನ್, ಇನ್ಶೂರೆನ್ಸೂ ಕಮ್ಮಿ ಬೀಳತ್ತೆ. ಪಾರ್ಟ್ಸ್ ಎಲ್ಲಿ ಬೇಕಾದ್ರೂ ಸಿಗತ್ತೆ. ಆದ್ರೆ ನೋಡಕ್ಕೆ ಸ್ವಲ್ಪ ಸಪ್ಪೆ."

"ಸಪ್ಪೆ ಮುಖಗಳೇ ನಂಗೆ ಅನ್ನ ಹಾಕೋದು" ಎಂದು ಅನು ಬೀಗದ ಕೈ ಕೇಳಿದಳು.

ಟೆಸ್ಟ್ ಡ್ರೈವಿಗೆ ಅವನನ್ನೂ ಕರೆದಳು. ಶ್ರೀಗಂಧದ ಕಾವಲಿನ ತನಕ ಹೋಗುವಷ್ಟರಲ್ಲಿ ಅವನ ಬಲಗಾಲು ಮತ್ತೆ ಮತ್ತೆ ನೆಲವನ್ನು ಒತ್ತುತ್ತಿತ್ತು.

"ಅಲ್ಲಿ ಬ್ರೇಕ್ ಇಲ್ಲ ಸಾರ್."

"ನಂಗೊತ್ತು. ಕಾಲಿಗೆ ಗೊತ್ತಿಲ್ಲ."

ನಗುವ ಭರದಲ್ಲಿ ರಸ್ತೆಯ ಹಂಪಿನ ಮೇಲೆ ಗಾಡಿ ಆಫ್ ಆಯಿತು. ಹಿಂದೆ ಹಾರ್ನುಗಳ ಗಲಾಟೆ. ಅನು ಗಡಿಬಿಡಿಯಿಂದ ಕೀಲಿ ತಿರುಗಿಸಿದಳು. ಅವನು ಸ್ಟೇರಿಂಗಿಗೆ ಕೈ ಹಾಕಲಿಲ್ಲ, ಸಲಹೆಯನ್ನೂ ಕೊಡಲಿಲ್ಲ. "ನಿಧಾನ. ಅವ್ರು ಕಾಯ್ತಾರೆ" ಎಂದಷ್ಟೇ ಹೇಳಿ ಕಿಟಕಿಯಾಚೆ ನೋಡುತ್ತಾ ಕೂತ. ಆ ಕ್ಷಣದಲ್ಲೇ ಅವನು ಅವಳಿಗೆ ಇಷ್ಟವಾಗಿಬಿಟ್ಟ.

ಅನು ಆ ಬೂದಿ ಕಾರನ್ನೇ ಕೊಂಡು ಮೂಡಲಪಾಳ್ಯದ ಮನೆಗೆ ತಂದಳು. ಮಗಳು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ರಾಮಯ್ಯನವರಿಗೆ ಹೊಸದಲ್ಲ. ಅವರೂ ಅದೇ ಮೊಲದ ವಂಶದವರು. "ತಂದಿದ್ದಂತೂ ಆಯ್ತು. ಶ್ರಾವಣದಲ್ಲಿ ಪೂಜೆ ಆಗೋವರೆಗೂ ಗೇಟಿನ ಹೊರಗೇ ಇರ್ಲಿ" ಎಂದರು. ಕಾರು ಬೇವಿನ ಮರದ ಕೆಳಗೆ ನಿಂತಿತು.

ಪಾಲಿಸಿಯನ್ನು ಅವಳ ಹೆಸರಿಗೆ ಮಾಡಿಸುವ ನೆಪದಲ್ಲಿ ಕಿರಣ್ ಫೋನು ಮಾಡುತ್ತಲೇ ಇದ್ದ. ಕಾರಿನ ಎಡಗಡೆ ಫೋಟೋ ಬೇಕಿತ್ತು, ಬಲಗಡೆ ಫೋಟೋ ಸರಿ ಬಂದಿಲ್ಲ. ಅಷ್ಟು ಫೋಟೋ ಮದುಮಗಳಿಗೂ ತೆಗೆಯುವುದಿಲ್ಲ ಎಂದು ಅನುವಿಗೆ ಗೊತ್ತಿತ್ತು, ಆದರೂ ಕೇಳಿದ್ದನ್ನೆಲ್ಲ ಕಳಿಸಿದಳು. ಒಂದು ಭಾನುವಾರ ಅವನು ಪಾಲಿಸಿ ಕೊಡಲು ತಾನೇ ಬಂದ. ಆಷಾಢದ ಗಾಳಿಗೆ ಕೂದಲು ಕೆದರಿತ್ತು.

"ಒಳಗೆ ಬನ್ನಿ."

"ಬೇಡ. ನಿಮಗೊಂದು ಮಾತು ಹೇಳೋದಿದೆ. ಶ್ರಾವಣಕ್ಕೆ ಅಮ್ಮನ್ನ ಕರ್ಕೊಂಡು ಬಂದು ಹೇಳ್ತೀನಿ. ಒಳ್ಳೇ ಮಾತು, ಆಷಾಢದಲ್ಲಿ ಆಡಬಾರ್ದು."

ಅನು ಕಾರಿಗೆ ಒರಗಿ ಅವನನ್ನು ನೇರವಾಗಿ ನೋಡಿದಳು.

"ಕಾರಿಗೇ ಆಷಾಢ ನೋಡ್ಲಿಲ್ಲ, ನಿಮಗೆ ನೋಡ್ತೀನಾ? ನೀವಂದ್ರೆ ನಂಗಿಷ್ಟ. ನಾನೇ ಹೇಳ್ಬಿಟ್ಟೆ."

ಕಿರಣ್‌ನ ಬಲಗಾಲು ಮೆಲ್ಲಗೆ ನೆಲವನ್ನು ಒತ್ತಿತು.

"ಅಲ್ಲೂ ಬ್ರೇಕ್ ಇಲ್ಲ" ಎಂದಳು ಅನು.

"ಬೇಡವೇ ಬೇಡ" ಎಂದ ಅವನು. ಕಿವಿಯ ತನಕ ಕೆಂಪಾಗಿದ್ದ.

ಒಳಗಿನಿಂದ ರಾಮಯ್ಯನವರ ದನಿ ಬಂತು. "ಯಾರಮ್ಮಾ ಅದು, ಗೇಟ್ ಹತ್ರ?"

ಅನು ಗೇಟು ತೆರೆದು ಹಿಡಿದಳು. "ಅಪ್ಪಾ, ಗಾಡಿ ಹೊರಗೇ ಇರ್ಲಿ. ಇವ್ರು ಒಳಗೆ ಬರ್ತಿದಾರೆ."