ಕುರಿಗಳು ಹಾಡಿದವು

"ನಾಳೆಯಿಂದ ಇವಳು ಪ್ರಾಕ್ಟೀಸಿಗೆ ಬರೋದು ಬೇಡ," ಎಂದು ಚರ್ಚಿನ ಕ್ವಾಯರ್ ಮೇಷ್ಟ್ರು ಹಾಡಿನ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. ಅವರ ಹಿಂದೆಯೇ ಬಂದ ಏಳು ವರ್ಷದ ಮೊಮ್ಮಗಳು ಗುಬ್ಬಿ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಳು. ಬೇಕರಿಯ ಕೆಲಸ ಮುಗಿಸಿ ಆಗತಾನೇ ಬಂದಿದ್ದ ಸೊಸೆ, ತೋಳಿಗಂಟಿದ ಮೈದಾ ಹಿಟ್ಟನ್ನೂ ತೊಳೆಯದೆ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. ಕ್ರಿಸ್‌ಮಸ್‌ಗೆ ಇನ್ನು ಆರೇ ದಿನ ಉಳಿದಿತ್ತು.

"ಏನಾಯ್ತು ಮಾವ?"

"ಎಲ್ಲರ ಮುಂದೆ ಮಾನ ಕಳೆದಳು. 'ಹೊಲದಲಿ ಕುರುಬರು ಹಾಡಿದರು' ಅನ್ನೋ ಸಾಲನ್ನ 'ಕುರಿಗಳು ಹಾಡಿದವು' ಅಂತಾಳೆ. ತಿದ್ದಿದ್ರೂ ಮತ್ತೆ ಅದೇ. ಎಲ್ಲ ಬಿದ್ದು ಬಿದ್ದು ನಕ್ಕರು. ಕುರಿ ಎಲ್ಲಾದ್ರೂ ಹಾಡುತ್ತಾ?"

"ಅಪ್ಪ ಹಾಗೇ ಹೇಳ್ಕೊಟ್ಟಿದ್ದು..." ಎಂದಳು ಗುಬ್ಬಿ.

ಗುಬ್ಬಿಯ ಅಪ್ಪ, ಮೇಷ್ಟ್ರ ಒಬ್ಬನೇ ಮಗ, ಫೆಬ್ರವರಿಯಲ್ಲಿ ಜ್ವರವೆಂದು ಮಲಗಿದವನು ಮತ್ತೆ ಎದ್ದಿರಲಿಲ್ಲ. ಅವನನ್ನು ಮಣ್ಣು ಮಾಡಿದ ಮರುದಿನ ಭಾನುವಾರ. ಅವತ್ತೂ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕ್ವಾಯರಿನ ಮುಂದೆ ನಿಂತಿದ್ದರು. ನಲವತ್ತು ವರ್ಷಗಳಲ್ಲಿ ಒಂದು ಆರಾಧನೆಯನ್ನೂ ತಪ್ಪಿಸಿದವರಲ್ಲ. ಅವರು ಚರ್ಚಿನ ಗೇಟು ದಾಟುವುದನ್ನು ನೋಡಿ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅವರು ನಕ್ಕಿದ್ದನ್ನು ಮಾತ್ರ ಆ ದೇವರೊಬ್ಬನೇ ನೋಡಿರಬೇಕು, ಅದೂ ಅನುಮಾನವೇ.

ಮೇಷ್ಟ್ರಿಗೆ ನೆನಪಿತ್ತು. ಮಗನಿಗೂ ಆಗ ಏಳು ವರ್ಷ. ಅದೇ ಸಾಲು, ಅದೇ ತಪ್ಪು. ಕಿವಿ ಹಿಂಡಿ ಎಲ್ಲರೆದುರು ಹೊರಗೆಳೆದಿದ್ದರು. ಆಮೇಲೆ ಅವನು ಚರ್ಚಿನಲ್ಲಿ ಬಾಯಿ ಬಿಡಲೇ ಇಲ್ಲ. ಅವನಿಗೆ ಹಾಡು ಒಲಿಯಲಿಲ್ಲ ಎಂದುಕೊಂಡು ಅವರು ಸುಮ್ಮನಾಗಿದ್ದರು.

"ಅವನೆಲ್ಲಿ ಹಾಡ್ತಿದ್ದ? ನಾನೊಂದು ದಿನವೂ ಕೇಳಿಲ್ಲ."

"ದಿನಾ ಹಾಡ್ತಿದ್ರು, ಮಾವ." ಸೊಸೆ ಮಗಳ ಜಡೆ ಸವರಿದಳು. "ಪಾತ್ರೆ ತೊಳೀತಾ ಹಾಡ್ತಿದ್ರು, ಇವಳ ಜಡೆ ಹಾಕ್ತಾ ಹಾಡ್ತಿದ್ರು. ಗೇಟಲ್ಲಿ ನಿಮ್ಮ ಚಪ್ಪಲಿ ಸದ್ದು ಕೇಳಿದ ತಕ್ಷಣ ನಿಲ್ಲಿಸಿಬಿಡ್ತಿದ್ರು. ಕುರುಬರೆಲ್ಲ ಕೊಟ್ಟಿಗೇಲಿ ಹುಟ್ಟಿದ ಪಾಪುನ ನೋಡೋಕೆ ಓಡಿಹೋದ್ರಲ್ಲ, ಹೊಲದಲ್ಲಿ ಉಳಿದಿದ್ದು ಕುರಿಗಳು ತಾನೇ, ಯಾರೂ ಕರೀದಿದ್ರೂ ಅವಕ್ಕೂ ಖುಷಿಯಾಗಿರುತ್ತೆ ಅಂತಿದ್ರು. ಅವರ ಬಾಯಿ ಮುಚ್ಚಿಸಿದ್ರಿ... ಇವಳದ್ದನ್ನ ಮುಚ್ಚಿಸ್ಬೇಡಿ. ಈ ಮನೇಲಿ ಅವರದು ಅಂತ ಉಳಿದಿರೋದು ಅದೊಂದೇ ಸಾಲು."

"ತಪ್ಪು ತಪ್ಪೇ," ಎಂದು ಮೇಷ್ಟ್ರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂದಿನಿಂದ ಗುಬ್ಬಿ ಹಾಡುವುದನ್ನೇ ಬಿಟ್ಟಳು. ಅಮ್ಮ ಬೇಕರಿಯಿಂದ ಕೇಕಿನ ತುಂಡು ತಂದು ಪುಸಲಾಯಿಸಿದಳು, ತಾನೇ ಅಪಸ್ವರದಲ್ಲಿ ಶುರುಮಾಡಿ ನೋಡಿದಳು. ಮಗು ಕೇಕು ತಿಂದಿತು, ಹಾಡಲಿಲ್ಲ.

ಕ್ರಿಸ್‌ಮಸ್ ಬೆಳಗ್ಗೆ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಸಾಲು ಬಂದಾಗ ಮೇಷ್ಟ್ರ ಕಣ್ಣು ತಾನಾಗಿಯೇ ಮೂರನೇ ಬೆಂಚಿನತ್ತ ಹೊರಳಿತು. ಗುಬ್ಬಿ ತುಟಿ ಬಿಗಿದು ಕೂತಿದ್ದಳು, ಥೇಟ್ ಅವಳಪ್ಪನ ಹಾಗೆ. ಕುರುಬರು ಸರಿಯಾಗಿಯೇ ಹಾಡಿದರು. "ಒಂದು ಸ್ವರವೂ ಜಾರಲಿಲ್ಲ ಮೇಷ್ಟ್ರೇ," ಎಂದು ಪಾದ್ರಿಗಳು ಕೈ ಕುಲುಕಿದರು. ಮೇಷ್ಟ್ರು ಕೈ ಬಿಡಿಸಿಕೊಂಡು ಹಾಡಿನ ಪುಸ್ತಕ ಮುಚ್ಚಿದರು. ನಲವತ್ತು ವರ್ಷ ಸಂತೋಷದ ಸುದ್ದಿಯನ್ನು ಊರಿಗೆಲ್ಲ ಹಾಡಿಸಿದ್ದರು. ತಾವು ಒಂದು ದಿನವಾದರೂ ಸಂತೋಷಪಟ್ಟದ್ದುಂಟೇ? ಎಷ್ಟು ಯೋಚಿಸಿದರೂ ಅಂಥದೊಂದು ದಿನ ನೆನಪಾಗಲಿಲ್ಲ.

ಎಲ್ಲರಿಗಿಂತ ಕೊನೆಯಲ್ಲಿ ಮನೆಗೆ ಬಂದ ಮೇಷ್ಟ್ರು ಗೇಟಿನ ಬಳಿ ನಿಂತರು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಕಳ್ಳನ ಹಾಗೆ ಬರಿಗಾಲಲ್ಲಿ ಅಡುಗೆಮನೆಯ ಕಿಟಕಿಯ ತನಕ ನಡೆದರು. ಒಳಗೆ ನಲ್ಲಿ ಸುರಿಯುತ್ತಿತ್ತು. ಅಮ್ಮ ಮಗಳು ಪಾತ್ರೆ ತೊಳೆಯುತ್ತಿದ್ದರು. ಮೇಷ್ಟ್ರು ಕಿವಿಗೊಟ್ಟು ಕಾದರು. ಪಾತ್ರೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಈ ಕಿಟಕಿಯಾಚೆ ಎಷ್ಟು ಸಂಜೆ ತಮ್ಮ ಮಗ ಹಾಡಿದ್ದನೋ... ಒಮ್ಮೆ, ಒಂದೇ ಒಂದು ಸಲ ಹೀಗೆ ಬರಿಗಾಲಲ್ಲಿ ಬಂದಿದ್ದರೆ ಕೇಳುತ್ತಿತ್ತು.

"ಹೊಲದಲಿ..." ಎಂದು ಹಾಡಲು ತೊಡಗಿದರು. ದನಿ ಒಡೆಯಿತು. ಮತ್ತೆ ಮೊದಲಿಂದ ತೊಡಗಿದರು. "ಹೊಲದಲಿ ಕುರಿಗಳು ಹಾಡಿದವು..."

ನಲ್ಲಿ ನಿಂತಿತು. ಗುಬ್ಬಿ ಒದ್ದೆ ಕೈಯಲ್ಲೇ ಹೊರಗೆ ಬಂದು ತಾತನ ಮುಖ ನೋಡಿದಳು, ಕೈಯಲ್ಲಿದ್ದ ಚಪ್ಪಲಿ ನೋಡಿದಳು.

"ತಾತ, ಅದು ಹಾಗಲ್ಲ. ಅಪ್ಪ ಇನ್ನೂ ಜೋರಾಗಿ ಹಾಡ್ತಿದ್ರು."

"ಹೌದೇನಮ್ಮ? ನನಗೆ ಗೊತ್ತಿಲ್ಲ. ಹೇಳ್ಕೊಡ್ತೀಯಾ?"

ಗುಬ್ಬಿ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ಆರು ದಿನದಿಂದ ಬಿಗಿದಿದ್ದ ಬಾಯಿ ತೆರೆದು ಹಾಡಿದಳು. ಬಾಗಿಲಲ್ಲಿ ನಿಂತ ಸೊಸೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೇಷ್ಟ್ರು ಮೊಮ್ಮಗಳ ಹಿಂದೆ ಹಿಂದೆ ತಪ್ಪು ತಪ್ಪಾಗಿ ಹಾಡುತ್ತಾ ಅತ್ತರು. ಅಳುತ್ತಾ ಮೊದಲ ಸಲ ನಕ್ಕರು. ಮಗನಿಗೆ ಕೇಳಿಸುವಷ್ಟು ಜೋರಾಗಿ ಹಾಡಲು ನೋಡಿದರು. ಆದರೆ ಆ ದನಿ ಗೇಟಿನವರೆಗೂ ಹೋಗಲಿಲ್ಲ.